ಬೆಲ್ಟಿನ ಅಂಚು ನೀಟಾಗಿ ಬರಬೇಕಾ? ಮೊದಲು ಬೆವೆಲರ್‌ಗೆ ಸಾಣೆ ಹಿಡಿಯಿರಿ

ಬೆಲ್ಟೋ ಪರ್ಸೋ ಮಾಡಿದಿರಿ, ಹೊಲಿಗೆ ಚೆನ್ನಾಗಿ ಬಂತು, ಬಣ್ಣವೂ ಸರಿಯಾಗಿ ಕೂತಿತು. ಅಂಚು ಮಾತ್ರ ಒರಟಾಗಿ ಉಳಿದರೆ ಇಡೀ ಕೆಲಸ ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದೆ. ಕತ್ತರಿಸಿದ ಚರ್ಮಕ್ಕೆ ಮೇಲೊಂದು, ಕೆಳಗೊಂದು ಚೂಪು ಮೂಲೆ ಇರುತ್ತದಲ್ವಾ, ಅದನ್ನು ತೆಳ್ಳಗೆ ಕೆತ್ತಿ ತೆಗೆಯುವುದೇ ಎಡ್ಜ್ ಬೆವೆಲರ್ ಕೆಲಸ. ತೆಗೆಯದೆ ಹಾಗೇ ಉಜ್ಜಿ ಪಾಲಿಶ್ ಮಾಡಲು ಹೋದರೆ ಮೂಲೆ ಹೊರಕ್ಕೆ ಮಡಚಿಕೊಂಡು ನಿಲ್ಲುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಗುಂಡಗಾಗಲ್ಲ.

ನಮ್ಮ ಅಥಣಿ ಕಡೆ ಚಪ್ಪಲಿ ಮಾಡುವವರ ಹತ್ತಿರ ಈ ಬೆವೆಲರ್ ಕಾಣುವುದು ಅಪರೂಪ. ಅವರದ್ದೆಲ್ಲ ರಂಪಿಗೆ ಅನ್ನುವ ಚರ್ಮದ ಉಳಿ ಮೇಲೆಯೇ. ಅದರಲ್ಲೇ ಚರ್ಮ ಕತ್ತರಿಸುತ್ತಾರೆ, ಅದರಲ್ಲೇ ತೆಳ್ಳಗೆ ಮಾಡುತ್ತಾರೆ, ಅದರಲ್ಲೇ ಅಂಚು ಸವರುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ (ಇದು ಇಂಥ ಕಡೆಯದೇ ಸರಕು ಅನ್ನುವ ಸರ್ಕಾರಿ ಗುರುತು) ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದ್ದು ಸುಮ್ನೆ ಅಲ್ಲ. ಎಷ್ಟು ಓರೆ ಹಿಡಿಯಬೇಕು ಅನ್ನುವುದು ಆ ಕೈಗಳಿಗೇ ಗೊತ್ತು. ನಮ್ಮಂಥ ಹವ್ಯಾಸದವರಿಗೆ ಆ ಕೈ ಇಲ್ಲ, ಹಾಗಾಗಿ ಓರೆಯ ಲೆಕ್ಕವನ್ನು ಬೆವೆಲರ್ ನೋಡಿಕೊಳ್ಳುತ್ತದೆ. ಹರಿತವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಅಂಚು ಹಾಳಾಯಿತು ಅಂತ ಬರುವವರಲ್ಲಿ ಬಹಳಷ್ಟು ಜನ ಸೈಜ್ ತಪ್ಪಾಯ್ತಾ ಅಂತ ಕೇಳುತ್ತಾರೆ. ಸೈಜ್ ಸರಿಯೇ ಇರುತ್ತದೆ, ಕತ್ತರಿಸುವ ಬಾಯಿ ಮೊಂಡಾಗಿರುತ್ತದೆ.

ಕೊಳ್ಳುವಾಗ ನಂಬರ್ ನಂಬಬೇಡಿ. ಒಂದು ಕಂಪನಿಯ 2ನೇ ನಂಬರ್ ಇನ್ನೊಂದರ 1ಕ್ಕೆ ಸಮ ಇರಬಹುದು. ಎಷ್ಟು ಮಿಲಿಮೀಟರ್ ಅಗಲದ ಓರೆ ಕೆತ್ತುತ್ತದೆ ಅಂತ ಕೇಳಿ. ಪರ್ಸ್, ಕಾರ್ಡ್ ಹೋಲ್ಡರ್ ಅಂಥ ಎರಡು ಪದರ ಸೇರಿ 2–2.5 ಮಿ.ಮೀ. ಬರುವ ಕೆಲಸಕ್ಕೆ 0.8 ಮಿ.ಮೀ. ಸಾಕು. 3.5–4 ಮಿ.ಮೀ. ದಪ್ಪದ ಬೆಲ್ಟಿಗೆ 1.2ರ ಆಸುಪಾಸು ಸರಿ. ಎರಡೂ ಕಡೆ ಕೆತ್ತಿದ ಮೇಲೆ ನಡುವೆ ಮೂರರಲ್ಲಿ ಒಂದು ಪಾಲಾದರೂ ನೇರ ಅಂಚು ಉಳಿಯಬೇಕು, ಇಲ್ಲದಿದ್ದರೆ ಅಂಚು ಗುಂಡಗಾಗುವ ಬದಲು ಚೂಪಾಗುತ್ತದೆ. ಶುರುವಿಗೆ ಒಂದೇ ಸಾಕು, ಮಧ್ಯಮ ಸೈಜಿನದು. ಐದು ಸೈಜಿನ ಅಗ್ಗದ ಸೆಟ್ ಬರುತ್ತದಲ್ಲ, ಅದು ನನಗಂತೂ ದುಡ್ಡು ದಂಡ ಅನಿಸುತ್ತದೆ, ಯಾಕಂದ್ರೆ ಐದಕ್ಕೂ ಸಾಣೆ ಹಿಡಿಯುವವರು ನೀವೇ. ಕೈಗೆ ಬಂದ ಕೂಡಲೇ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಸಣ್ಣ ಕಾಲುಗಳ ನಡುವೆ ಒಂದು ಕಾಲುವೆ ಇರುತ್ತದೆ, ಆ ಕಾಲುವೆ ಬಂದು ಮುಗಿಯುವ ಕಡೆ ಕತ್ತರಿಸುವ ಬಾಯಿ. ಕಾಲುವೆಯೊಳಗೆ ಗೀರು ಗೀರು ಕಂಡರೆ ಮೊದಲ ದಿನವೇ ಸಾಣೆ ಬೇಕು ಅಂತ ತಿಳಿಯಿರಿ. ಎರಡೂ ಕಾಲು ಸಮ ಉದ್ದ ಇವೆಯಾ, ಒಂದು ಸೊಟ್ಟಗಿದೆಯಾ ಅದನ್ನೂ ನೋಡಿ. ಸೊಟ್ಟಗಿದ್ದರೆ ವಾಪಸ್ ಕಳಿಸಿ, ಅದು ರಿಪೇರಿ ಆಗಲ್ಲ.

ಚರ್ಮದ ವಿಷಯ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಗಟ್ಟಿ ಇರುತ್ತದೆ, ಬೆವೆಲರ್‌ಗೆ ಅದೇ ಸೊಗಸು. ಕ್ರೋಮ್ ಹಾಕಿ ಹದ ಮಾಡಿದ ಮೆತ್ತನೆ ಚರ್ಮ ಬಾಯಿಗೆ ಸಿಗದೆ ಎಳೆದುಕೊಂಡು ಹೋಗುತ್ತದೆ, ಅದರ ಅಂಚನ್ನು ಮಡಚಿ ಹೊಲಿಯುವುದೇ ಒಳ್ಳೆಯದು. ಎಮ್ಮೆ ಚರ್ಮ ದಪ್ಪ ಸಿಗುತ್ತದೆ ನಿಜ, ಆದರೆ ಹೊಟ್ಟೆ ಭಾಗದ ತುಂಡಾದರೆ ನಾರು ಸಡಿಲ. ಅಲ್ಲಿ ಒಳಮೈ ಕಡೆ ಕೆತ್ತುವಾಗ ನಾರು ಕಿತ್ತು ಬರುತ್ತದೆ. ಬೆಲ್ಟಿಗೆ ಬೆನ್ನಿನ ಭಾಗವನ್ನೇ ಕೇಳಿ ತಗೊಳ್ಳಿ.

ಈಗ ಕೆತ್ತುವುದು. ಒದ್ದೆ ಸ್ಪಂಜನ್ನು ಹಿಂಡಿ ಅಂಚಿಗೆ ಒಂದು ಸಲ ಸವರಿ, ನೀರು ಒಳಗಿಳಿದು ಚರ್ಮದ ಮೊದಲಿನ ಬಣ್ಣ ವಾಪಸ್ ಬರಲು ಶುರುವಾದಾಗ ಕೈ ಹಾಕಿ. ವಿಜಯಪುರದ ಮೇ ತಿಂಗಳ ಬಿಸಿಲಿಗೆ ಫ್ಯಾನ್ ಕೆಳಗೆ ಕೂತರೆ ಬೆಲ್ಟಿನ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ, ಹಾಗಾಗಿ ಅರ್ಧರ್ಧ ಸವರಿಕೊಳ್ಳಿ. ಚರ್ಮದ ಅಂಚು ಮೇಜಿನ ಅಂಚಿಗೆ ಸಮ ಇರಲಿ. ಬೆವೆಲರನ್ನು ಮೂಲೆಯ ಮೇಲೆ ಕೂರಿಸಿ, ಹಿಡಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದರೆ ಒಂದು ಕಡೆ ಬಾಯಿ ಚರ್ಮವನ್ನು ಹಿಡಿಯುತ್ತದೆ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಒಳಗೆ. ಆ ಓರೆಯನ್ನು ಬಿಡದೆ ಮುಂದಕ್ಕೆ ತಳ್ಳಿ. ಎಡಗೈ ಬೆರಳು ಬೆವೆಲರ್ ಹಿಂದೆ ಇರಲಿ, ಮುಂದೆ ಬೇಡ.

ಬಾಯಿ ಹರಿತ ಇದ್ದರೆ ಶ್ಯಾವಿಗೆ ಎಳೆಯ ಹಾಗೆ ಒಂದೇ ದಾರ ಸುರುಳಿ ಸುತ್ತಿಕೊಂಡು ಬರುತ್ತದೆ, ಈ ತುದಿಯಿಂದ ಆ ತುದಿವರೆಗೆ ತುಂಡಾಗಲ್ಲ. ಪುಡಿ ಪುಡಿ ಬಂದರೆ, ಇಲ್ಲಾ ಕೆತ್ತಿದ ಜಾಗದಲ್ಲಿ ಸಣ್ಣ ಅಲೆ ಎದ್ದರೆ ಅಲ್ಲಿಗೇ ನಿಲ್ಲಿಸಿ. ಜೋರಾಗಿ ಒತ್ತಿ ಮುಗಿಸೋಣ ಅಂತ ಹೋಗಬೇಡಿ, ಮೊಂಡು ಬಾಯಿ ಜಾರಿ ಮೇಲ್ಮೈಗೆ ಹಾರಿದರೆ ಆ ಗೀರು ಯಾವ ಪಾಲಿಶ್‌ಗೂ ಹೋಗಲ್ಲ. ಬೆಲ್ಟ್ ತುದಿಯ ಬಾಗಿನಲ್ಲಿ ಬೆವೆಲರ್ ತಿರುಗಿಸಬೇಡಿ, ಚರ್ಮ ತಿರುಗಿಸಿ. ಒಳಬಾಗು ಬಂದರೆ ಸಣ್ಣ ಸೈಜ್ ಬೇಕಾಗುತ್ತದೆ, ದೊಡ್ಡದರ ಕಾಲು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲ್ಮೈ ಮುಗಿದ ಮೇಲೆ ಒಳಮೈ ಕಡೆಯೂ ಕೆತ್ತಿ, 400ರ ಸ್ಯಾಂಡ್‌ಪೇಪರ್ ಆಡಿಸಿ, ನೀರೋ ಮರದ ಅಂಟೋ ಹಚ್ಚಿ ಕಟ್ಟಿಗೆಯಿಂದ ಉಜ್ಜಿ. ಅದು ಎಲ್ಲರಿಗೂ ಬರುತ್ತದೆ.

ಸಾಣೆ ಹಿಡಿಯುವುದೇ ತುಂಬಾ ಜನರಿಗೆ ಭಯ. ಬಾಯಿ ಇಷ್ಟು ಸಣ್ಣದು, ಸಾಣೆಕಲ್ಲಿಗೆ ಹೇಗೆ ಹಿಡಿಯೋದು ಅಂತ. ಕಲ್ಲೇ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ 1000 ಮತ್ತು 2000ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜಬಹುದಾದ ನುಣುಪು ಸ್ಯಾಂಡ್‌ಪೇಪರ್) ತಗೊಳ್ಳಿ. ಸ್ಟೀಲಿಗೆ ಹೊಳಪು ಕೊಡುವ ಹಸಿರು ಬಫಿಂಗ್ ಸೋಪಿನ ಒಂದು ಗಟ್ಟಿ ಸಿಕ್ಕರೆ ವರ್ಷಗಟ್ಟಲೆ ಬರುತ್ತದೆ.

ಮೊದಲು ಕಾಲುವೆ. ದೊಡ್ಡ ಸೈಜಿನದಾದರೆ ಗೋಣಿ ಹೊಲಿಯುವ ದಬ್ಬಣಕ್ಕೆ, ಸಣ್ಣದಾದರೆ ಹೊಲಿಗೆ ಸೂಜಿಗೆ 1000ರ ಪೇಪರನ್ನು ಒಂದೇ ಸುತ್ತು ಸುತ್ತಿ. ಕಾಲುವೆಯಲ್ಲಿ ಸಡಿಲ ಇಲ್ಲದೆ, ಬಿಗಿಯೂ ಆಗದೆ ಕೂರಬೇಕು. ಒಳಗಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ, ವಾಪಸ್ ತಳ್ಳಬೇಡಿ. ಗೀರು ಹೋಗಿ ಒಳಗೆಲ್ಲ ಒಂದೇ ಥರ ಕಂಡ ಮೇಲೆ 2000. ಆಮೇಲೆ ದಪ್ಪ ಹತ್ತಿ ದಾರಕ್ಕೆ ಬಫಿಂಗ್ ಸೋಪ್ ಉಜ್ಜಿ, ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು, ಕಾಲುವೆಯನ್ನು ದಾರದ ಮೇಲೆ ಕೂರಿಸಿ ಹಿಡಿಯ ಕಡೆಗೆ ಎಳೆಯಿರಿ. ದಾರ ಕಪ್ಪಾಗುತ್ತಾ ಬರುತ್ತದೆ. ಅಂದರೆ ಲೋಹ ಸವೆಯುತ್ತಿದೆ.

ಇನ್ನು ಬೆವೆಲರ್ ತುದಿಯ ಕೆಳಮುಖ. ಅದಕ್ಕೆ 2000ರ ಪೇಪರನ್ನು ಗಾಜಿನ ತುಂಡಿನ ಮೇಲೆ ಹಾಸಿ. ಇಲ್ಲಿ ಓರೆ ಬದಲಾದರೆ ಕೆಟ್ಟಿತು. ಕೆಳಮುಖಕ್ಕೆ ಮಾರ್ಕರ್ ಪೆನ್ನಿಂದ ಬಣ್ಣ ಬಳಿದು ಎರಡು ಸಲ ಹಿಂದಕ್ಕೆ ಎಳೆದು ನೋಡಿ. ಮಸಿ ಪೂರ್ತಿ ಒಂದೇ ಸಮ ಹೋಗಿದ್ದರೆ ಓರೆ ಸರಿ ಇದೆ, ಬಾಯಿ ಹತ್ತಿರ ಮಾತ್ರ ಹೋಗಿದ್ದರೆ ಹಿಡಿ ಜಾಸ್ತಿ ಎತ್ತಿದ್ದೀರಿ, ಹಿಂದೆ ಮಾತ್ರ ಹೋಗಿದ್ದರೆ ಕಡಿಮೆ. ಕಾಲುಗಳ ಮೇಲೆ ಭಾರ ಬಿಡಬೇಡಿ, ಅವು ಸವೆದು ಮೊಟಕಾದರೆ ಬೆವೆಲರ್ ದಾರಿ ತಪ್ಪಿ ಓಡುತ್ತದೆ. ಕೆಳಗೆ ಸಪಾಟಾಗಿರದೆ ತೋಡು ಇರುವ ಬೆವೆಲರ್ ಆದರೆ ಗಾಜು ಬೇಡ, ಆ ತೋಡಿಗೆ ಹೊಂದುವ ಗುಂಡು ಕಡ್ಡಿಗೆ ಪೇಪರ್ ಸುತ್ತಿ ಅದೇ ಕ್ರಮ. ಕೊನೆಗೆ ಉಗುರಿಗೆ ತಾಗುವಂತೆ ಒಂದು ಸಣ್ಣ ಏಣು ಎದ್ದಿರುತ್ತದೆ. ದಪ್ಪ ಚರ್ಮದ ತುಂಡಿಗೆ ಸೋಪ್ ಹಚ್ಚಿ ಹಿಂದಕ್ಕೆ ಎಳೆದರೆ ಅದು ಹೋಗುತ್ತದೆ. ಈಗ ಬಾಯಿಯನ್ನು ಟಾರ್ಚ್ ಬೆಳಕಿಗೆ ಹಿಡಿಯಿರಿ. ಬಿಳಿ ಗೆರೆ ಮಿನುಗಿದರೆ ಇನ್ನೂ ಮೊಂಡು, ಹರಿತವಾದ ಬಾಯಿ ಬೆಳಕನ್ನು ತೋರಿಸಲ್ಲ.

ಇಷ್ಟೆಲ್ಲ ದಿನಾ ಮಾಡಬೇಕಿಲ್ಲ. ಪ್ರತಿ ಸಲ ಕೂತಾಗ ದಾರದ ಮೇಲೆ ಹತ್ತು ಸಲ, ಚರ್ಮದ ಮೇಲೆ ಹತ್ತು ಸಲ ಎಳೆದು ಶುರು ಮಾಡಿದರೆ ಪೇಪರ್ ಹಿಡಿಯುವ ಪ್ರಸಂಗ ಬಹಳ ದಿನ ಬರಲ್ಲ.

ಬೆಳಗಾವಿಯವರಿಗೆ ಇನ್ನೊಂದು ಮಾತು, ಜುಲೈ ಮಳೆಗೆ ಬಾಯಿಯ ಮೇಲೆ ತುಕ್ಕು ಕೂರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಹರಿತ ಹೋಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಹಚ್ಚಿ, ತುದಿಗೆ ಹಳೆ ಪೆನ್ನಿನ ಮುಚ್ಚಳ ಹಾಕಿಡಿ. ಚರ್ಮದ ಚೂರಲ್ಲಿ ಚುಚ್ಚಿ ಇಡಬೇಡಿ, ಚರ್ಮ ಪಸೆ ಹೀರಿ ಅದನ್ನೇ ಲೋಹಕ್ಕೆ ಕೊಡುತ್ತದೆ. ಕೆಲಸಕ್ಕೆ ಕೂರುವ ಮೊದಲು ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಬಣ್ಣ ಹಾಕದ ಚರ್ಮದ ಅಂಚಿಗೆ ಕಲೆ ಹಿಡಿಯುತ್ತದೆ.