ಬಾಗಿದ ಹರಿವು ಯಾವಾಗ ಕೆಡುತ್ತೆ: ಮೊದ್ಲು ಲೆಕ್ಕ ಹಾಕಿ, ಆಮೇಲೆ ಕಣ್ಣಾರೆ ನೋಡಿ

ಒಂದರೊಳಗೊಂದು ಎರಡು ಸಿಲಿಂಡರ್, ನಡುವೆ ನೀರು, ಒಳಗಿಂದು ಮಾತ್ರ ತಿರುಗ್ತಿದೆ ಅಂದ್ಕೊಳ್ಳಿ. ಈ ಹರಿವು ಒಂದೇ ಸಮನೆ ಸುತ್ತುತ್ತಾ ಇರುತ್ತಾ, ಇಲ್ಲಾ ಕೆಟ್ಟು ಸುಳಿಗಳಾಗುತ್ತಾ ಅಂತ ಹೇಳೋಕೆ ಮೊದ್ಲು ನೋಡಬೇಕಾದ್ದು ವೇಗ ಅಲ್ಲ, ತ್ರಿಜ್ಯ ಗುಣಿಸು ವೇಗ, ಅಂದ್ರೆ ಆಂಗ್ಯುಲರ್ ಮೊಮೆಂಟಮ್. ಅದು ಹೊರಗಡೆ ಹೋಗ್ತಾ ಕಮ್ಮಿ ಆಗ್ತಿದ್ರೆ ಅಪಾಯ, ಜಾಸ್ತಿ ಆಗ್ತಿದ್ರೆ ಈ ಥರದ ತೊಂದ್ರೆ ಇಲ್ಲ. ಇದು ಭೌತವಿಜ್ಞಾನಿ ಲಾರ್ಡ್ ರೇಲೀ ಕೊಟ್ಟ ನಿಯಮ.

ಯಾಕೆ ಅಂತ ಬಾಯಿಪಾಠ ಮಾಡ್ಬೇಡಿ, ಒಂದು ಉಂಗುರದಷ್ಟು ನೀರನ್ನ ಮನಸ್ಸಲ್ಲೇ ಸ್ವಲ್ಪ ಹೊರಗೆ ತಳ್ಳಿ ನೋಡಿ. ಅದು ತನ್ನ ಆಂಗ್ಯುಲರ್ ಮೊಮೆಂಟಮ್ ಜೊತೆಗೇ ಹೋಗುತ್ತೆ, ಆದ್ರೆ ಹೊಸ ಜಾಗದಲ್ಲಿ ಒಳಮುಖವಾಗಿ ಒತ್ತೋ ಪ್ರೆಶರ್ ಇರೋದು ಅಲ್ಲಿನ ನಿಧಾನದ ನೀರಿಗೆ ತಕ್ಕಷ್ಟು ಮಾತ್ರ, ಹಾಗಾಗಿ ಈ ಉಂಗುರವನ್ನ ಹಿಡಿದಿಡೋಕೆ ಅದು ಸಾಲಲ್ಲ, ಅದು ಇನ್ನೂ ಹೊರಗೇ ಓಡುತ್ತೆ. ಇಷ್ಟೇ ವಿಷಯ, ನಂಗಂತೂ ಇಡೀ ಫ್ಲೂಯಿಡ್ ಡೈನಾಮಿಕ್ಸಲ್ಲಿ ಇದಕ್ಕಿಂತ ಚೆಂದದ ವಾದ ಇನ್ನೊಂದಿಲ್ಲ. ಹೊರಗಿನ ಸಿಲಿಂಡರ್ ಮಾತ್ರ ತಿರುಗಿಸಿದ್ರೆ ಇದೇ ವಾದ ಉಲ್ಟಾ, ಉಂಗುರ ವಾಪಸ್ ಬರುತ್ತೆ. ಅದಕ್ಕೇ ಪ್ರಯೋಗ ಮಾಡಿ ನೋಡುವಾಗ ಮೋಟಾರ್ ಒಳಗಿನದಕ್ಕೇ ಹಾಕಿ.

ಆದ್ರೆ ನಿಜವಾದ ನೀರಿಗೆ ಸ್ನಿಗ್ಧತೆ (ಹರಿಯೋದನ್ನ ತಡೆಯೋ ಅಂಟುತನ, viscosity) ಇದೆ, ಅದು ಒಂದು ಮಿತಿ ತನಕ ತಡೆಯುತ್ತೆ. ಆ ಮಿತಿಯನ್ನ 1923ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಿ.ಐ. ಟೇಲರ್ ಲೆಕ್ಕದಲ್ಲೂ ಪ್ರಯೋಗದಲ್ಲೂ ತೋರಿಸಿದ್ರು. ಹೊರಗಿಂದು ನಿಂತಿದ್ದು, ಎರಡು ಸಿಲಿಂಡರ್ ನಡುವಿನ ಗ್ಯಾಪ್ ಕಿರಿದಾಗಿದ್ರೆ ಲೆಕ್ಕ ಸುಲಭ: ಗ್ಯಾಪನ್ನ ಒಳ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೀರಿ, 41ನ್ನ ಅದರಿಂದ ಭಾಗಿಸಿ, ಮಿತಿಯ ರೆನಾಲ್ಡ್ಸ್ ನಂಬರ್ (ಸ್ನಿಗ್ಧತೆಗೆ ಹೋಲಿಸಿದ್ರೆ ಹರಿವು ಎಷ್ಟು ಜೋರು ಅಂತ ಹೇಳೋ ಸಂಖ್ಯೆ) ಸಿಗುತ್ತೆ. ಒಳ ತ್ರಿಜ್ಯ 4 ಸೆಂ.ಮೀ., ಗ್ಯಾಪ್ 5 ಮಿ.ಮೀ. ಇದ್ರೆ 116 ಬರುತ್ತೆ, ಗ್ಯಾಪ್ ತೀರಾ ಕಿರಿದಲ್ಲದ್ರಿಂದ 120 ಇಟ್ಕೊಳ್ಳಿ. ಇದನ್ನ ಸ್ನಿಗ್ಧತೆಯಿಂದ (ಸಾಂದ್ರತೆಯಿಂದ ಭಾಗಿಸಿದ್ದು, ನೀರಿಗೆ ಸೆಕೆಂಡಿಗೆ 1 ಚದರ ಮಿ.ಮೀ.) ಗುಣಿಸಿ, ತ್ರಿಜ್ಯ ಮತ್ತು ಗ್ಯಾಪ್ ಎರಡರಿಂದಲೂ (ಎರಡೂ ಮಿ.ಮೀ.ನಲ್ಲಿ) ಭಾಗಿಸಿದ್ರೆ ಸೆಕೆಂಡಿಗೆ 0.6 ರೇಡಿಯನ್, ಅಂದ್ರೆ ಸುಮಾರು 6 ಆರ್‌ಪಿಎಂ. ಇಷ್ಟು ನಿಧಾನ ಮೋಟಾರನ್ನ ಹಿಡಿತದಲ್ಲಿಡೋದು ಕಷ್ಟ, ಅದಕ್ಕೆ ಗ್ಲಿಸರಿನ್ ಬೆರೆಸಿ ಸ್ನಿಗ್ಧತೆ ಐದು ಪಟ್ಟು ಮಾಡಿ, ಆಗ 30 ಆರ್‌ಪಿಎಂ ಹತ್ರ ಬರುತ್ತೆ. ಟೆಂಪರೇಚರ್ ಬರೆದಿಟ್ಕೊಳ್ಳಿ, ಗ್ಲಿಸರಿನ್ ಬಿಸಿಯಾದ್ರೆ ಲೆಕ್ಕ ಬೇಗ ತಪ್ಪುತ್ತೆ.

ಹೊರಗಿಂದು ಪಾರದರ್ಶಕ ಇರ್ಲಿ, ಎತ್ತರ ಗ್ಯಾಪಿನ ಇಪ್ಪತ್ತು ಪಟ್ಟಾದ್ರೂ ಇರ್ಲಿ, ನೀರಿಗೆ ಚಿಟಿಕೆ ಕಾಗೆಬಂಗಾರದ ನುಣ್ಣನೆ ಪುಡಿ ಹಾಕಿ. ಮಿತಿಗಿಂತ ಕೆಳಗೆ ಎಲ್ಲಾ ಒಂದೇ ಸಮನೆ ಹೊಳಪು, ಸಿಲಿಂಡರಿನ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಮಾತ್ರ ಒಂದೊಂದು ಸುಳಿ ಮೊದ್ಲೇ ಕಾಣುತ್ತೆ, ಅದನ್ನ ನೋಡಿ ಮಿತಿ ಬಂತು ಅಂದ್ಕೊಬೇಡಿ. ಸ್ಪೀಡ್ ಸ್ವಲ್ಪ ಸ್ವಲ್ಪವೇ ಏರಿಸ್ತಾ ಪ್ರತಿ ಸಲ ಕೆಲವು ನಿಮಿಷ ಕಾಯಿರಿ. ಮಿತಿ ದಾಟಿದಾಗ ನಡುವೆಯೂ ಅಡ್ಡ ಪಟ್ಟಿಗಳು ಮೂಡ್ತವೆ, ಒಂದೊಂದು ಸುಳಿಯೂ ಹೆಚ್ಚುಕಮ್ಮಿ ಗ್ಯಾಪಿನಷ್ಟೇ ಎತ್ತರ, ಪಕ್ಕಪಕ್ಕದ್ದು ವಿರುದ್ಧ ದಿಕ್ಕಿಗೆ ಸುತ್ತುತ್ತೆ.

ನಾನು ಮೊದಲ ಸಲ ಅವಸರಕ್ಕೆ ಒಂದೇ ಸಲ ಸ್ಪೀಡ್ ಏರಿಸಿದ್ದೆ, ಮಾರನೇ ದಿನ ನಿಧಾನವಾಗಿ ಅದೇ ಆರ್‌ಪಿಎಂಗೆ ಬಂದ್ರೆ ಪಟ್ಟಿಗಳ ಎಣಿಕೆನೇ ಬೇರೆ ಬಂತು. ತಪ್ಪು ಎಣಿಸಿದ್ದಲ್ಲ, ಒಂದೇ ಸ್ಪೀಡಿಗೆ ಹಲವು ಸ್ಥಿತಿಗಳು ಸಾಧ್ಯ, ಹೇಗೆ ಅಲ್ಲಿಗೆ ತಲುಪಿದ್ರಿ ಅನ್ನೋದರ ಮೇಲೆ ಹೋಗುತ್ತೆ. ಅದಕ್ಕೆ ನೋಟ್‌ಬುಕ್ಕಲ್ಲಿ ಆರ್‌ಪಿಎಂ ಜೊತೆ ಎಷ್ಟು ನಿಮಿಷದಲ್ಲಿ ಏರಿಸಿದ್ರಿ ಅನ್ನೋದನ್ನೂ ಬರೀರಿ.