ಅಳತೆ ಕೊಡುವ ಮೊದಲು ಬಟ್ಟೆ ಗೊತ್ತಿರಲಿ

ಅಂಗಡಿಗೆ ಹೋದರೆ ನಾವು ಬಣ್ಣ ನೋಡುತ್ತೇವೆ, ಡಿಸೈನ್ ನೋಡುತ್ತೇವೆ, ರೇಟು ಕೇಳುತ್ತೇವೆ. ಬಟ್ಟೆಯ ಗುಣ ವಿಚಾರಿಸುವವರು ಕಡಿಮೆ. ಆಮೇಲೆ ಹೊಲಿಗೆ ಸರಿಯಿಲ್ಲವೆಂದು ಟೈಲರನ್ನು ಬೈಯುವುದು!

ಏನು ಹೊಲಿಸಬೇಕು?

ಇದು ಮೊದಲು ತೀರ್ಮಾನವಾಗಬೇಕು. ದಿನನಿತ್ಯದ ಶರ್ಟಿಗೆ ಕಾಟನ್ ಪಾಪ್ಲಿನ್ ಒಳ್ಳೆಯದು. ಪ್ಯಾಂಟಿಗೆ ಟ್ವಿಲ್ ನೇಯ್ಗೆ ಬೇಕು. ಹತ್ತಿರದಿಂದ ನೋಡಿದರೆ ಅದರ ಮೇಲೆ ಓರೆ ಗೆರೆಗಳು ಕಾಣುತ್ತವೆ. ಜೀನ್ಸ್ ಕೂಡ ಇದೇ ಜಾತಿ. ನೆರಿಗೆ ಜಾಸ್ತಿ ಇರುವ ಕುರ್ತಿಗೆ ರೇಯಾನ್ ಅಥವಾ ವಾಯಿಲ್ ಚೆನ್ನಾಗಿ ಇಳಿಬೀಳುತ್ತದೆ. ರವಿಕೆಗೆ ಟೂ ಬೈ ಟೂ ರುಬಿಯಾ ಇದ್ದೇ ಇದೆ. ಸ್ವಲ್ಪ ಠೀವಿ ಬೇಕೆಂದರೆ ಗುಳೇದಗುಡ್ಡದ ಖಣ. ಆದರೆ ಖಣದ ಅಗಲ ಕಡಿಮೆ. ಉದ್ದ ತೋಳು ಬೇಕಿದ್ದರೆ ಟೈಲರನ್ನು ಕೇಳಿಯೇ ಕೊಳ್ಳಿ.

ಕೈಯಲ್ಲಿ ಹಿಡಿದು ನೋಡಿ

ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಕಾಟನ್, ಲಿನನ್ ಸುಕ್ಕಾಗುತ್ತವೆ. ಪಾಲಿಯೆಸ್ಟರ್ ತಕ್ಷಣ ನೆಟ್ಟಗಾಗುತ್ತದೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಗಂಜಿ ಜಾಸ್ತಿ ಎಂದರ್ಥ. ಒಂದು ಒಗೆತಕ್ಕೇ ಅದು ಜೋಲುತ್ತದೆ. ಬೆಳಕಿಗೆ ಹಿಡಿದರೆ ನೇಯ್ಗೆ ಎಷ್ಟು ಒತ್ತಾಗಿದೆ, ಲೈನಿಂಗ್ ಬೇಕೋ ಬೇಡವೋ ಎಂಬುದೂ ತಿಳಿಯುತ್ತದೆ.

ಒಂದೆಳೆ ಸುಟ್ಟು ನೋಡಿ

'ಪ್ಯೂರ್ ಕಾಟನ್' ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ನಂಬಬೇಕಿಲ್ಲ. ಚಿಕ್ಕಪೇಟೆಯಲ್ಲಿ ನಿಂತು ಬೆಂಕಿಕಡ್ಡಿ ಗೀರಬೇಡಿ ಮತ್ತೆ! ಚಿಕ್ಕ ತುಂಡು ಕೇಳಿ ಮನೆಗೆ ತನ್ನಿ. ಹಾಸಿನಿಂದ (ಉದ್ದಕ್ಕೆ ಓಡುವ ನೂಲು) ಒಂದೆಳೆ, ಹೊಕ್ಕಿನಿಂದ (ಅಡ್ಡಕ್ಕೆ ಓಡುವ ನೂಲು) ಒಂದೆಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೇರೆ ಬೇರೆಯಾಗಿ ಸುಡಿ. ಎರಡೂ ಒಂದೇ ನೂಲು ಇರಬೇಕೆಂದೇನಿಲ್ಲ. ಕಾಟನ್ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಉರಿದ ಮೇಲೆ ಬೂದಿಯ ನಡುವೆ ಗಟ್ಟಿ ಚೂರು ಸಿಕ್ಕಿದರೆ ಅದು ಕಾಟನ್‌ಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟನ್ ಥರದ ಮಿಶ್ರಣ. ರೇಯಾನ್ ಮಾತ್ರ ಮೋಸ ಮಾಡುತ್ತದೆ. ಅದೂ ಕಾಟನ್ ಹಾಗೆಯೇ ಉರಿಯುತ್ತದೆ. ಒಂದೆಳೆ ಒದ್ದೆ ಮಾಡಿ ಎಳೆಯಿರಿ, ರೇಯಾನ್ ಸುಲಭವಾಗಿ ಕಿತ್ತು ಬರುತ್ತದೆ. ದುಬಾರಿ ರೇಷ್ಮೆಗೆ ಈ ಕಸರತ್ತು ಬೇಡ, ಅಪ್ಪಟ ರೇಷ್ಮೆಗೆ ಕೊಡುವ ಸಿಲ್ಕ್ ಮಾರ್ಕ್ ಲೇಬಲ್ ಇದೆಯೇ ನೋಡಿ.

ಪನ್ನಾ ಕೇಳಿ

ಬಟ್ಟೆಯ ಅಗಲವೇ ಪನ್ನಾ. ಸಾಮಾನ್ಯವಾಗಿ 36, 44 ಅಥವಾ 58 ಇಂಚು ಇರುತ್ತದೆ. ಮಧ್ಯಮ ಮೈಕಟ್ಟಿನವರ ತುಂಬುತೋಳಿನ ಶರ್ಟಿಗೆ 58 ಪನ್ನಾದಲ್ಲಿ ಸುಮಾರು 1.6 ಮೀಟರ್ ಸಾಕು. 36 ಪನ್ನಾ ಆದರೆ 2.25 ಮೀಟರಾದರೂ ಬೇಕು. ದೊಡ್ಡ ಚೌಕಳಿಗೆ ಇನ್ನೂ ಸ್ವಲ್ಪ ಜಾಸ್ತಿ, ಗೆರೆಗೆ ಗೆರೆ ಕೂರಿಸಬೇಕಲ್ವಾ? ವೆಲ್ವೆಟ್‌ಗೂ ಅಷ್ಟೇ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ.

ನೀರಿಗೆ ಹಾಕಿ

ಕಾಟನ್ ಬಟ್ಟೆಯನ್ನು ಹೊಲಿಸುವ ಮೊದಲೇ ನೆನೆಸಿ, ನೆರಳಲ್ಲಿ ಒಣಗಿಸಿ. ಒಂದು ಮೀಟರಿಗೆ 3–5 ಸೆಂಟಿಮೀಟರ್ ಕುಗ್ಗಿದರೂ ಆಶ್ಚರ್ಯವಿಲ್ಲ. ಲೈನಿಂಗ್ ಬಟ್ಟೆಯನ್ನು ಮರೆಯಬೇಡಿ. ಮೇಲಿನ ಬಟ್ಟೆ ಹಾಗೇ ಇದ್ದು ಒಳಗಿನದು ಕುಗ್ಗಿದರೆ ರವಿಕೆ ಪೂರ್ತಿ ಮುದುರುತ್ತದೆ. ರೇಷ್ಮೆಯನ್ನು ನೆನೆಸಬೇಡಿ, ಅದರ ಕಾಟನ್ ಲೈನಿಂಗ್ ಮಾತ್ರ ನೆನೆಸಿ. ಪಾಲಿಯೆಸ್ಟರ್ ಲೈನಿಂಗ್ ಅಗ್ಗ ನಿಜ, ಆದರೆ ಏಪ್ರಿಲ್ ತಿಂಗಳ ಮದುವೆಗೆ ಅದನ್ನು ಹಾಕಿಸುವುದು ಶಿಕ್ಷೆಯೇ ಸರಿ. ಗಾಢ ಬಣ್ಣದ ಬಟ್ಟೆಯಾದರೆ ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇರೆಯಾಗಿಯೇ ಒಗೆಯಿರಿ.

ಟೈಲರ್ ಹತ್ತಿರ

ಹಾಸಿನ ಎಳೆ ಅಂಚಿನ ಉದ್ದಕ್ಕೆ ಓಡುತ್ತದೆ. ಪ್ಯಾಂಟಿನ ಕಾಲಿನ ಉದ್ದವೂ ಅದೇ ದಿಕ್ಕಿಗಿರಬೇಕು. ಬಟ್ಟೆ ಉಳಿಸಲು ಓರೆಯಾಗಿ ಕತ್ತರಿಸಿದರೆ ಒಗೆದ ಮೇಲೆ ಕಾಲು ತಿರುಚಿಕೊಳ್ಳುತ್ತದೆ. ಇದನ್ನು ಕತ್ತರಿ ಹಾಕುವ ಮೊದಲೇ ಹೇಳಿ. ಉಳಿದ ತುಂಡುಗಳನ್ನೂ ಕೇಳಿ ವಾಪಸ್ ತನ್ನಿ, ಮುಂದೆ ತೇಪೆಗೋ ಬಟ್ಟೆ ಹೊದಿಸಿದ ಗುಂಡಿಗೋ ಬೇಕಾಗುತ್ತವೆ.