ಮಾಸ್ ರಿಪೋರ್ಟಲ್ಲಿ ಹೋದ ಪೋಸ್ಟ್ ವಾಪಸ್ ತಂದದ್ದು: ನನ್ನ ಅನುಭವ

ಆಗುದಿಲ್ಲ ಅಂತ ಎಲ್ರೂ ಹೇಳಿದ್ರು, ಆಯ್ತು, ಹಾಗಾಗಿ ಬರೀತಿದ್ದೇನೆ. ನಾನು ಪೋಸ್ಟಲ್ಲಿ ಹೇಳಿದ್ದು ಇಷ್ಟೇ: ಕೇರಳದ ಕಾಸರಗೋಡಲ್ಲಿ ಚಂದ್ರಗಿರಿ ಹೊಳೆಯಿಂದ ಬಡಗಿನ ಜಾಗ ಕರ್ನಾಟಕಕ್ಕೆ ಸೇರ್ತದೆ ಅಂತ 1967ರ ಮಹಾಜನ ಗಡಿ ಆಯೋಗದ ವರದಿ ಹಿಡ್ಕೊಂಡು ಕಾಯುದು ಸಾಕು, ಮಕ್ಕಳು ಮಲಯಾಳವನ್ನೂ ಸರಿಯಾಗಿ ಕಲೀಲಿ, ಆದ್ರೆ ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕ್ಲಿಕ್ಕೆ ಬಿಡ್ಬಾರ್ದು. ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕದಲ್ಲಿ ಕೂತು ಹೀಗೆ ಬರೆದ್ರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟಲ್ಲ. ತುಂಬಾ ಜನ ಸೇರಿ ಒಟ್ಟಿಗೆ ರಿಪೋರ್ಟ್ ಹೊಡೆದ್ರು, ಸಂಜೆ ಹಾಕಿದ್ದು ರಾತ್ರಿ ಊಟ ಆಗುವಾಗ ಇಲ್ಲ, ದ್ವೇಷದ ಮಾತಂತೆ, ಒಂದು ಸಾಲಿನ ನೋಟೀಸ್.

ಮೊದ್ಲು ಎಲ್ರೂ ಮಾಡುದನ್ನೇ ಮಾಡಿದೆ. ಹೊಸ ಅಕೌಂಟ್ ತೆರೆದೆ, ಅದೂ ವಾರದೊಳಗೆ ಢಮಾರ್. ಬರಹವನ್ನು ಫೋಟೋ ಮಾಡಿ ಹಾಕಿದೆ, ಉಳೀತು, ಆದ್ರೆ ಯಾರಿಗೂ ಕಾಣುದೇ ಇಲ್ಲ, ಬೂಸ್ಟಿಗೆ ಎರಡು ಸಾವಿರ ಹತ್ರ ಸುರಿದದ್ದು ಹೊಳೇಲಿ ಹುಣಸೆ ತೊಳೆದ ಹಾಗಾಯ್ತು. ವಕೀಲರ ನೋಟೀಸಿಗೆ ಐದು ಸಾವಿರ ಚಿಲ್ಲರೆ, ಉತ್ತರ ಇಲ್ಲ. ಮೇಲಿಂದ ಮನೆಯವ್ರಿಗೆ ಹೆದರಿಕೆ, ಪೊಲೀಸ್ ಬರ್ತಾರೆ ಅಂತ. ಆನ್‌ಲೈನಲ್ಲಿ ಬರೆದದ್ದಕ್ಕೆ ಕೇಸ್ ಹಾಕುವ ಐಟಿ ಆಕ್ಟಿನ 66ಎ ಸೆಕ್ಷನ್ ಸುಪ್ರೀಂ ಕೋರ್ಟಲ್ಲಿ 2015ಕ್ಕೇ ಬಿದ್ದುಹೋಯ್ತು, ಅಂಥದ್ದೇ ಕೇರಳ ಪೊಲೀಸ್ ಆಕ್ಟಿನ 118(ಡಿ) ಕೂಡ ಅದೇ ತೀರ್ಪಲ್ಲಿ ಹೋಯ್ತು, 2020 ನವೆಂಬರಲ್ಲಿ ಮೂರು ವರ್ಷದ ತನಕ ಜೈಲು ಅಂತ 118ಎ ಸುಗ್ರೀವಾಜ್ಞೆ ತಂದದ್ದನ್ನು ಗಲಾಟೆ ಜೋರಾದ ಮೇಲೆ ಸರಕಾರವೇ ವಾಪಸ್ ತೆಗೀತು ಅಂತ ಎಷ್ಟು ಹೇಳಿದ್ರೂ ಅಮ್ಮನಿಗೆ ಸಮಾಧಾನ ಇಲ್ಲ ಮಾರ್ರೆ.

ಕೆಲಸ ಆದದ್ದು ಸೋಶಿಯಲ್ ಮೀಡಿಯಾ ಕಂಪನಿಗಳಿಗೆ ಕೇಂದ್ರ ಸರಕಾರ ಮಾಡಿದ ಐಟಿ ರೂಲ್ಸ್ ಹಿಡ್ಕೊಂಡು. ಕಂಪನಿಯಲ್ಲಿ ದೂರು ನೋಡುವ ಗ್ರೀವೆನ್ಸ್ ಆಫೀಸರಿಗೆ ಬರೆದ್ರೆ 24 ಗಂಟೆಯಲ್ಲಿ ಸಿಕ್ಕಿತು ಅನ್ಬೇಕು, ಆಗಿನ ರೂಲಲ್ಲಿ 15 ದಿವಸದಲ್ಲಿ ತೀರ್ಮಾನ ಹೇಳ್ಬೇಕಿತ್ತು. ಹೇಳಿದ್ರು, ಅದೇ ರೆಡಿಮೇಡ್ ಉತ್ತರ. ನಮ್ಮವ್ರು ಸುಸ್ತಾಗಿ ಬಿಡುದು ಇಲ್ಲೇ. ಆ ಉತ್ತರ ಬಂದು 30 ದಿವಸದೊಳಗೆ ದಿಲ್ಲಿಯಲ್ಲಿ ಕೇಂದ್ರ ಸರಕಾರ ಮಾಡಿದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಅಪೀಲ್ ಹಾಕ್ಬಹುದು, 2023ರಿಂದ ಉಂಟು, ಎಲ್ಲ ಆನ್‌ಲೈನ್, ನನಗೆ ಒಂದು ರೂಪಾಯಿ ಖರ್ಚಾಗ್ಲಿಲ್ಲ. ಭಾವ ನಗಾಡಿದ್ರು, ಅಲ್ಲಿ ಯಾರು ಓದ್ತಾರೆ ನಿನ್ನ ಕನ್ನಡ ಅಂತ. ಅದಕ್ಕೇ ಎರಡು ಕಾಲಂ ಮಾಡಿದೆ, ಎಡಕ್ಕೆ ಕನ್ನಡ ವಾಕ್ಯ, ಬಲಕ್ಕೆ ಇಂಗ್ಲಿಷ್, ಪೂರ್ತಿ ಪೋಸ್ಟ್, ಖಾರದ ಸಾಲನ್ನೂ ಬಿಡದೆ. ಕೆಳಗೆ ಒಂದೇ ಪ್ರಶ್ನೆ: ಇದರಲ್ಲಿ ಯಾವ ವಾಕ್ಯ ನಿಮ್ಮ ಯಾವ ರೂಲಿಗೆ ಅಡ್ಡ? ಅಪೀಲಿನ ಮೊದ್ಲ ಪ್ಯಾರಾ ಹೇಗೆ ಬರೀತೇನೆ ಅಂತ ಮಾತ್ರ ಹೇಳುದಿಲ್ಲ, ಅದು ನನ್ನ ಹತ್ರವೇ ಇರ್ಲಿ. ಎಲ್ಲ ಸೇರಿ ಎರಡು ತಿಂಗಳು ಹಿಡೀತೋ ಏನೋ, ಪೋಸ್ಟ್ ಬಂತು, ಲೈಕ್ ಸಮೇತ.

ಮಧ್ಯೆ ಒಂದು ತಮಾಷೆಗೆ ಅದನ್ನೇ ಮಲಯಾಳದಲ್ಲೂ ಹಾಕಿ ನೋಡಿದೆ. ಅಲ್ಲಿ ಟೀಚರ್ ಸಾಲಿಗೆ ಬೇರೆಯವ್ರು ರಿಪೋರ್ಟ್ ಹೊಡೆದ್ರು, ಮಹಾಜನ ಸಾಲಿಗೆ ಹಾರ್ಟ್!

ಈಗ ಮಹಾಜನ ವರದಿ ಪರ ಇರುವವರೊಬ್ರ ಪೋಸ್ಟ್ ಹೋಗಿದೆ, ಅವ್ರ ಅಪೀಲ್ ಬರೆದದ್ದು ನಾನೇ. ಅವ್ರ ಒಂದು ಮಾತೂ ನನಗೆ ಒಪ್ಪಿಗೆ ಇಲ್ಲ, ಬರೀವಾಗಲೂ ಜಗಳ ಆಯ್ತು.

ಇನ್ನೊಂದು, ಪೋಸ್ಟ್ ಹಾಕಿದ ಕೂಡ್ಲೆ ವೆಬ್ ಪುಟದ ನಕಲು ಇಡುವ ವೇಬ್ಯಾಕ್ ಮೆಷಿನ್ ಸೈಟಲ್ಲಿ ಸೇವ್ ಮಾಡಿ, ಟೈಮ್ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ. ಹೋದ ಮೇಲೆ ಹುಡುಕಿದ್ರೆ ಸಿಗುದಿಲ್ಲ.